ಎಷ್ಟು ಜನ ಸತ್ತರು ಅನ್ನೋದು ಅರ್ಧ ಲೆಕ್ಕ

ಗಡಿಯಲ್ಲಿ ಗುಂಡಿನ ಸದ್ದು ಜೋರಾದಾಗಲೆಲ್ಲ ಹಾಸನದ ಬಸ್ ನಿಲ್ದಾಣದಿಂದ ಚಿಕ್ಕಮಗಳೂರಿನ ಕಾಫಿ ಕಣಗಳವರೆಗೆ ಒಂದು ಮಾತು ಓಡಾಡುತ್ತದೆ: "ಒಂದು ಬಾಂಬ್ ಹಾಕಿ ಮುಗಿಸಿಬಿಡಬೇಕು." ಹಾಗೆನ್ನುವವರು ಕಟುಕರೇನಲ್ಲ. ಯುದ್ಧ ವರ್ಷಗಟ್ಟಲೆ ಎಳೆಯುವುದಕ್ಕಿಂತ ಒಂದೇ ಸಲಕ್ಕೆ ಮುಗಿದರೆ ಒಟ್ಟು ಸಾವು ಕಡಿಮೆಯಾದೀತಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ತಳ್ಳಿಹಾಕದೆ, ಕೂಡಿ ಕಳೆದು ನೋಡುವುದೇ ಸರಿ.

ಮೊದಲಿಗೆ ಅವರ ಮಾತಿಗೆ ಬಲ ಕೊಡುವ ಅಂಕಿಗಳು. 1945ರ ಮಾರ್ಚ್ 9ರ ರಾತ್ರಿ ಟೋಕಿಯೊ ಮೇಲೆ 279 ಬಿ-29 ವಿಮಾನಗಳು ಸುಮಾರು 1,665 ಟನ್ ಬೆಂಕಿ ಬಾಂಬ್ ಸುರಿದವು. ಅವುಗಳಲ್ಲಿ ಹೆಚ್ಚಿನವು ನೇಪಾಮ್, ಅಂದರೆ ಅಂಟಿಕೊಂಡು ಉರಿಯುವ ಪೆಟ್ರೋಲಿನ ಅಂಟು, ತುಂಬಿದ ಕೊಳವೆಗಳು. ಬೆಳಗಾಗುವಷ್ಟರಲ್ಲಿ ಸುಮಾರು 41 ಚದರ ಕಿ.ಮೀ. ಬೂದಿಯಾಗಿ, ಹತ್ತಿರ ಹತ್ತಿರ 1 ಲಕ್ಷ ಜನ ಸತ್ತಿದ್ದರು. ಅಲ್ಲಿ ಅಣುವಿನ ಮಾತೇ ಇರಲಿಲ್ಲ. ಹಿರೋಶಿಮಾದಲ್ಲಿ ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು 1 ಲಕ್ಷ 40 ಸಾವಿರ, ನಾಗಸಾಕಿಯಲ್ಲಿ ಸುಮಾರು 74 ಸಾವಿರ. ಎರಡನೇ ಮಹಾಯುದ್ಧ ಒಟ್ಟಾರೆ ತಿಂದ ಜೀವಗಳು 6 ಕೋಟಿಗೂ ಹೆಚ್ಚು. ಅದರೆದುರು ಎರಡು ಅಣುಬಾಂಬ್‌ಗಳ ಪಾಲು ನೂರಕ್ಕೆ ಒಂದೂ ಆಗುವುದಿಲ್ಲ. 1943ರ ಬಂಗಾಳದ ಕ್ಷಾಮ ಆ ಯುದ್ಧದ ನೆರಳಲ್ಲೇ ಬಂದದ್ದು, ಅದರಲ್ಲಿ ಸತ್ತವರು 20ರಿಂದ 30 ಲಕ್ಷ. 1994ರಲ್ಲಿ ರುವಾಂಡಾದಲ್ಲಿ ನೂರು ದಿನಗಳಲ್ಲಿ ಕೊಲೆಯಾದವರು 5ರಿಂದ 8 ಲಕ್ಷ. ಅಲ್ಲಿ ಹೆಚ್ಚಾಗಿ ಬಳಕೆಯಾದದ್ದು ಮಚ್ಚು, ದೊಣ್ಣೆ.

ಅಂದರೆ ಸತ್ತವರ ತಲೆ ಎಣಿಸಿದರೆ ಹಳೆಯ ಆಯುಧಗಳೇ ಇವತ್ತಿಗೂ ಮುಂದಿವೆ. ಅಣ್ವಸ್ತ್ರದ ವಿರುದ್ಧ ಮಾತಾಡುವವರು ಇದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಅವರ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ನನ್ನ ವಾದ ಬೇರೆ. ಹಳೆಯ ಯುದ್ಧ ದಣಿಯುತ್ತಿತ್ತು, ಮತ್ತು ಅದು ಹೊಡೆದ ಗಾಯಕ್ಕೆ ಮುಲಾಮು ಹಚ್ಚಲು ಪಕ್ಕದಲ್ಲಿ ಯಾರಾದರೂ ಉಳಿದಿರುತ್ತಿದ್ದರು. ಅಣ್ವಸ್ತ್ರ ಈ ಎರಡನ್ನೂ ಕಿತ್ತುಕೊಂಡಿತು.

ದಣಿವಿನ ಮಾತು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಸರೆಯ ಹೊತ್ತಿಗೆ ಮಳೆ ಬಿಟ್ಟು ಹೊಳೆ ಇಳಿದ ಮೇಲೆಯೇ ದಂಡು ಗಡಿ ದಾಟುತ್ತಿದ್ದದ್ದು, ಸೀಮೋಲ್ಲಂಘನದ ಆಚರಣೆ ಇರುವುದೇ ಅದಕ್ಕೆ. ಮುಂಗಾರು ಹಿಡಿದರೆ ಯುದ್ಧ ನಿಲ್ಲುತ್ತಿತ್ತು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು, ಅರಕೆರೆಯ ಬಳಿಯ ಕಾಳಗ ಗೆದ್ದೂ ವಾಪಸಾದ. ಮಳೆ ಶುರುವಾಗಿತ್ತು, ತೋಪು ಎಳೆಯುವ ಎತ್ತುಗಳು ರೋಗ ಬಡಿದು ಸಾಲು ಸಾಲಾಗಿ ಸಾಯುತ್ತಿದ್ದವು, ದಂಡಿಗೆ ಕಾಳಿರಲಿಲ್ಲ. ಮುತ್ತಿಗೆಗೆಂದು ಅಷ್ಟು ದೂರದಿಂದ ಎಳೆಸಿ ತಂದ ದೊಡ್ಡ ತೋಪುಗಳನ್ನು ತಾನೇ ನಾಶ ಮಾಡಿಸಿ ಹೋಗಬೇಕಾಯಿತು. ಬಣಜಾರರ ಹೇರೆತ್ತುಗಳು ಧಾನ್ಯ ಒದಗಿಸಿ ಮಳೆಗಾಲ ಕಳೆದ ಮೇಲೆ, ಮುಂದಿನ ವರ್ಷದ ಫೆಬ್ರವರಿಗೆ ಮುತ್ತಿಗೆ ಕೂಡಿಬಂತು. ಕ್ರೌರ್ಯಕ್ಕೇನೂ ಬರವಿರಲಿಲ್ಲ. ಆದರೆ ಎತ್ತು, ಹುಲ್ಲು, ಅಕ್ಕಿ, ಕೆಸರು ಇವು ಯಾವ ಸೇನಾಪತಿಯ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಟೋಕಿಯೊ ಸುಡಲು 279 ವಿಮಾನ, ಒಂದೊಂದರಲ್ಲೂ ಹತ್ತು ಹನ್ನೊಂದು ಜನ, ಅವರ ಹಿಂದೆ ತಿಂಗಳುಗಟ್ಟಲೆ ಪೆಟ್ರೋಲು ಬಾಂಬು ಸಾಗಿಸಿದ ಹಡಗುಗಳು ಬೇಕಾದವು. ಹಿರೋಶಿಮಾಕ್ಕೆ ಬಾಂಬ್ ಹೊತ್ತು ಬಂದದ್ದು ಒಂದು ವಿಮಾನ, ಒಳಗಿದ್ದವರು 12 ಜನ. ಈಗ ಜಗತ್ತಿನಲ್ಲಿ ಸುಮಾರು 12 ಸಾವಿರ ಅಣು ಸಿಡಿತಲೆಗಳಿವೆ. ಅವುಗಳಲ್ಲಿ ಹಲವನ್ನು ನಿಮಿಷಗಳಲ್ಲಿ ಹಾರಿಸುವಂತೆ ಸಜ್ಜಾಗಿಟ್ಟಿದ್ದಾರೆ. ಮಳೆಗಾಲ ಅವುಗಳನ್ನು ತಡೆಯುವುದಿಲ್ಲ.

ಎರಡನೆಯದು, ಪಕ್ಕದಲ್ಲಿ ಉಳಿದವರ ಮಾತು. ಅದೇ 1791ರಲ್ಲಿ ಮರಾಠಾ ಸೇನೆಯ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠ ಲೂಟಿ ಮಾಡಿ ಅಲ್ಲಿದ್ದ ಹಲವರನ್ನು ಕೊಂದರು. ಸ್ವಾಮಿಗಳು ಟಿಪ್ಪುವಿಗೆ ಪತ್ರ ಬರೆದರು, ಮಠಕ್ಕೆ 200 ರಾಹತಿ (ಆಗಿನ ನಾಣ್ಯ) ನಗದೂ ಬೇಕಾದ ಸಾಮಾನೂ ಕೊಡುವಂತೆ ಬಿದನೂರಿನ ಅಧಿಕಾರಿ ಅಸಫನಿಗೆ ಆಜ್ಞೆ ಹೋಯಿತು. ಶಾರದೆಯ ಪ್ರತಿಷ್ಠೆ ಮತ್ತೆ ನಡೆಯಿತು. ಪತ್ರ ಒಯ್ಯುವವನಿದ್ದ, ಓದುವವನಿದ್ದ, ಸಾಮಾನು ಕಳಿಸಲು ಪಕ್ಕದ ಸೀಮೆ ನಿಂತಿತ್ತು.

ಬೇಲೂರು, ಅರಸೀಕೆರೆ, ಕಡೂರು ಕಡೆ ಊರ ಬಾಗಿಲಲ್ಲೋ ಕೆರೆ ಏರಿಯ ಮೇಲೋ ನಿಂತಿರುವ ವೀರಗಲ್ಲುಗಳನ್ನೇ ನೋಡಿ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಡೆ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. ಬರಹವಿದ್ದರೆ ಅವನ ಹೆಸರು, ಯಾರ ಮಗ, ಎಲ್ಲಿ ಸತ್ತ, ಯಾಕೆ ಸತ್ತ ಎಂಬುದಿರುತ್ತದೆ: ತುರುಗೊಳ್ ಅಂದರೆ ದನ ಹೊಡೆದೊಯ್ದಾಗ, ಊರಳಿವು, ಪೆಣ್ಬುಯ್ಯಲ್ ಅಂದರೆ ಹೆಂಗಸರ ಮೇಲೆ ಕೈಹಾಕಿದಾಗ. ಸತ್ತವನ ಮನೆಯವರಿಗೆ ಬಿಟ್ಟ ಹೊಲ ಗದ್ದೆಗೆ ನೆತ್ತರುಗೊಡಗೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವೂ ಕಾಳಗದಲ್ಲಿ ಮೆರೆದವನಿಗೆ ಊರುಗಳನ್ನು ಬಿಟ್ಟುಕೊಟ್ಟ ದಾಖಲೆಯೇ. ಈ ಕಲ್ಲುಗಳನ್ನು ನೋಡಿ ಹಳೆಯ ಯುದ್ಧ ಚೆಂದವಿತ್ತು ಅಂದುಕೊಳ್ಳಬಾರದು. ಪೆಣ್ಬುಯ್ಯಲ್ ಎಂಬುದೇ ಅದರ ಬಣ್ಣ ಹೇಳುತ್ತದೆ. 1311ರಲ್ಲಿ ಮಲಿಕ್ ಕಾಫೂರ್ ಬಂದು ಹೋದ ಮೇಲೆ, ಮತ್ತೆ ತುಘಲಕನ ಸೇನೆ ಬಂದ ಮೇಲೆ, ಹಳೇಬೀಡು ಮತ್ತೆಂದೂ ರಾಜಧಾನಿಯಾಗಿ ಚೇತರಿಸಿಕೊಳ್ಳಲಿಲ್ಲ. ಆದರೂ ಸತ್ತವನ ಹೆಣ ಗುರುತಿಸಲು, ಹೆಸರು ಕೆತ್ತಿಸಲು, ಅವನ ಹೆಂಡತಿ ಮಕ್ಕಳಿಗೆ ಹೊಲ ಅಳೆದು ಕೊಡಲು ಊರೊಂದು ಇತ್ತು. ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಹುಲ್ಲು ಬೆಳೆದ ಒಂದು ದಿಬ್ಬವಿದೆ. ಅದರೊಳಗೆ ಸುಮಾರು 70 ಸಾವಿರ ಜನರ ಬೂದಿಯಿದೆ. ಯಾರದೆಂದು ಗುರುತಾಗದ, ಅಥವಾ ಕೇಳಿಕೊಂಡು ಬರಲು ಮನೆಯಲ್ಲಿ ಒಬ್ಬರೂ ಉಳಿಯದವರ ಬೂದಿ.

ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತವನ ಕಥೆಯಲ್ಲಿ ಮಂತ್ರಿಗಳು ಎರಡೂ ಸೇನೆಗಳನ್ನು ಪಕ್ಕಕ್ಕೆ ನಿಲ್ಲಿಸಿ, ಜಗಳವಿರುವುದು ಅಣ್ಣತಮ್ಮಂದಿರಿಗೆ, ಅವರೇ ಹೋರಾಡಲಿ ಎಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಕ್ಕೆ ಒಪ್ಪಿಸುತ್ತಾರೆ. ಯುದ್ಧದ ಬೆಲೆಯನ್ನು ಯುದ್ಧ ಬಯಸಿದವರ ಮೈಮೇಲೇ ಹಾಕಿದ ಏರ್ಪಾಡು ಅದು. 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದಲ್ಲಿ ಆ ಬೆಲೆ ಯಾರ ಮೈಮೇಲೆ ಬಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಟೋಕಿಯೊ ಸುಟ್ಟದ್ದನ್ನು ನೋಡಿ ಹಿರೋಶಿಮಾದ ಅಧಿಕಾರಿಗಳು ಬುದ್ಧಿವಂತಿಕೆಯ ಕೆಲಸವನ್ನೇ ಮಾಡುತ್ತಿದ್ದರು: ಬೆಂಕಿ ಹಬ್ಬದಂತೆ ಮನೆಗಳ ಸಾಲು ಕೆಡವಿ ಅಗಲವಾದ ಬಯಲು ಬಿಡುವುದು. ಆ ಕೆಲಸಕ್ಕೆ ಶಾಲೆಯ ಮಕ್ಕಳನ್ನೂ ಹಚ್ಚಿದ್ದರು, ಹೆಚ್ಚಿನವರಿಗೆ 12-13 ವರ್ಷ. ಬೆಳಿಗ್ಗೆ 7:31ಕ್ಕೆ ಅಪಾಯ ಕಳೆಯಿತೆಂದು ಸೈರನ್ ಆಯಿತು. ಮಕ್ಕಳು ಬಯಲಲ್ಲಿ ಹೆಂಚು, ಹಲಗೆ ಹೊರುತ್ತಿದ್ದರು. 8:15ಕ್ಕೆ, ನೆಲದಿಂದ ಸುಮಾರು 600 ಮೀಟರ್ ಮೇಲೆ ಬಾಂಬ್ ಸಿಡಿಯಿತು. ಸುಮಾರು 6 ಸಾವಿರ ಮಕ್ಕಳು ಸತ್ತರು. ಹಳೆಯ ಯುದ್ಧದಿಂದ ಊರು ಉಳಿಸಲು ಮಾಡಿದ ಏರ್ಪಾಡೇ ಹೊಸ ಆಯುಧದೆದುರು ಅವರನ್ನು ಬಯಲಿಗೆ ತಂದು ನಿಲ್ಲಿಸಿತ್ತು.

ಆ ಬಾಂಬಿನಲ್ಲಿ ಸುಮಾರು 64 ಕೆ.ಜಿ. ಯುರೇನಿಯಂ ಇತ್ತು. ಒಡೆದದ್ದು ಅದರಲ್ಲಿ 1 ಕೆ.ಜಿ.ಗೂ ಕಡಿಮೆ. ಹೊಮ್ಮಿದ ಶಕ್ತಿ ಸುಮಾರು 15 ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿನಷ್ಟು. ಇಂಥ ಸ್ಫೋಟದ ಶಕ್ತಿಯಲ್ಲಿ ಅರ್ಧದಷ್ಟು ಗಾಳಿಯ ಹೊಡೆತವಾಗಿ, ಮೂರನೇ ಒಂದು ಪಾಲು ಬೆಳಕು ಮತ್ತು ಶಾಖವಾಗಿ, ಉಳಿದ ಸುಮಾರು 15 ಪ್ರತಿಶತ ವಿಕಿರಣವಾಗಿ ಹೋಗುತ್ತದೆ. ಮೂರೂ ಒಟ್ಟಿಗೆ ತಲುಪುವುದಿಲ್ಲ. ಶಾಖ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದರೆ, ಗಾಳಿಯ ಹೊಡೆತ 3 ಕಿ.ಮೀ. ದೂರಕ್ಕೆ ಬರಲು ಏಳೆಂಟು ಸೆಕೆಂಡ್ ಹಿಡಿಯುತ್ತದೆ. ಆ ಏಳೆಂಟು ಸೆಕೆಂಡ್‌ನಲ್ಲಿ ಜನ ಏನಾಯಿತೆಂದು ಕಿಟಕಿಗೆ ಹೋಗುತ್ತಾರೆ, ಗಾಜು ಕಣ್ಣಿಗೆ ನುಗ್ಗುತ್ತದೆ. 2013ರಲ್ಲಿ ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಉಲ್ಕೆ ಸಿಡಿದಾಗ ಗಾಯಗೊಂಡ ಸುಮಾರು 1,500 ಜನರಲ್ಲಿ ಬಹುಪಾಲಿನವರಿಗೆ ಆದದ್ದು ಇದೇ. ಮಿಂಚಿಗಿಂತ ಬೆಳಗುವ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಿ ಗೋಡೆಯ ಬುಡದಲ್ಲಿ ಮುಖ ಕೆಳಗೆ ಹಾಕಿ ಮಲಗಬೇಕು ಎಂಬುದನ್ನು ಮಕ್ಕಳಿಗೆ ಹೇಳಿಕೊಟ್ಟರೆ ನಷ್ಟವಿಲ್ಲ. ಗ್ಯಾಸ್, ಪಟಾಕಿ ಗೋದಾಮು ಸಿಡಿದರೂ ಅದೇ ನಿಯಮ.

ಹಾಸನಾಂಬ ಗುಡಿಯನ್ನು ನಡುವೆ ಇಟ್ಟು ನಕ್ಷೆಯ ಮೇಲೆ 2 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಹಳೆ ಊರು, ಕಟ್ಟಿನಕೆರೆ ಮಾರುಕಟ್ಟೆ, ಜಿಲ್ಲಾ ಆಸ್ಪತ್ರೆ ಎಲ್ಲ ಒಳಗೆ ಬೀಳುತ್ತವೆ. ಹಿರೋಶಿಮಾದಲ್ಲಿ ಅಷ್ಟು ಅಗಲದ ಊರು ಹೆಚ್ಚುಕಡಿಮೆ ಪೂರ್ತಿ ಕುಸಿದು ಸುಟ್ಟುಹೋಯಿತು. ನಡುವಿನಿಂದ ಅರ್ಧ ಕಿ.ಮೀ. ಒಳಗಿದ್ದವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನ ಸತ್ತರು. ಒಂದರಿಂದ ಒಂದೂವರೆ ಕಿ.ಮೀ. ನಡುವೆ ಅರ್ಧದಷ್ಟು, ಒಂದೂವರೆಯಿಂದ ಎರಡರ ನಡುವೆ ಐವರಲ್ಲಿ ಒಬ್ಬರು. 2011ರ ಜನಗಣತಿಯಲ್ಲಿ ಹಾಸನ ನಗರದ ಜನಸಂಖ್ಯೆ ಸುಮಾರು 1 ಲಕ್ಷ 33 ಸಾವಿರ. ಹಿರೋಶಿಮಾದ ಸಾವು ಅದಕ್ಕಿಂತ ಹೆಚ್ಚು.

ಎರಡು ಕಿ.ಮೀ. ಆಚೆ ಬದುಕಿದ್ದವರ ಕಡೆ ಬರೋಣ, ಯಾಕೆಂದರೆ ಅಸಲು ಲೆಕ್ಕ ಇರುವುದು ಅಲ್ಲೇ. ಹಿರೋಶಿಮಾದ ವೈದ್ಯರು, ದಾದಿಯರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಅಂದೇ ಸತ್ತರು ಅಥವಾ ಗಾಯಗೊಂಡರು. ಆಸ್ಪತ್ರೆಗಳಿರುವುದು ಊರ ನಡುವೆ, ಬಾಂಬ್ ಬಿದ್ದದ್ದೂ ಊರ ನಡುವೆ. ಅದೂ ಶಿಮಾ ಎಂಬ ಆಸ್ಪತ್ರೆಯ ನೆತ್ತಿಯ ಮೇಲೆ.

ಇವತ್ತಿನ ಔಷಧ, ಇವತ್ತಿನ ತಿಳಿವಳಿಕೆ ಎಲ್ಲ ಇದೆ ಅಂತಲೇ ಇಟ್ಟುಕೊಳ್ಳಿ. 60 ಕೆ.ಜಿ. ತೂಕದ ಒಬ್ಬ ಮನುಷ್ಯನ ಮೈ ಶೇಕಡ 40 ಸುಟ್ಟಿದೆ. ಮೊದಲ ದಿನ ಅವನಿಗೆ ಎಷ್ಟು ಡ್ರಿಪ್ ಬೇಕು ಎಂಬುದಕ್ಕೆ ಬರ್ನ್ಸ್ ವಾರ್ಡುಗಳಲ್ಲಿ ಒಂದು ಸೂತ್ರವಿದೆ: 4 ಮಿ.ಲೀ. ಗುಣಿಸು ತೂಕ ಗುಣಿಸು ಸುಟ್ಟ ಶೇಕಡ. 4 × 60 × 40, ಅಂದರೆ 9,600 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ಡ್ರಿಪ್. ಅರ್ಧ ಲೀಟರಿನ ಬಾಟಲಿ 19ಕ್ಕೂ ಮೇಲೆ. ಅದರಲ್ಲಿ ಅರ್ಧ ಮೊದಲ 8 ಗಂಟೆಯೊಳಗೆ ಹೋಗಬೇಕು. ಆ 8 ಗಂಟೆಯನ್ನು ಎಣಿಸುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಸುಟ್ಟ ಹೊತ್ತಿನಿಂದ. ಸುಟ್ಟ ಮೈಯಲ್ಲಿ ರಕ್ತದ ನೀರಿನಂಶ ಸಣ್ಣ ನಾಳಗಳಿಂದ ಸೋರಿ ಮಾಂಸದೊಳಗೆ ಸೇರಿಕೊಳ್ಳುತ್ತದೆ, ಅದಕ್ಕೇ ಇಷ್ಟು ನೀರು. ತಡವಾದರೆ ಮೂತ್ರಪಿಂಡ ನಿಲ್ಲುತ್ತದೆ. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೈಕಾಲು ಬಾತು ರಕ್ತ ಓಡುವುದು ನಿಲ್ಲುತ್ತದೆ. ಹಾಗಾಗಿ ಗಂಟೆಗೊಮ್ಮೆ ಮೂತ್ರ ಅಳೆಯಬೇಕು, ಗಂಟೆಗೆ ಸುಮಾರು 30 ಮಿ.ಲೀ. ಬರುತ್ತಿದೆಯೇ ನೋಡಿ ಡ್ರಿಪ್ಪಿನ ವೇಗ ತಿದ್ದಬೇಕು. ಇದು ಒಬ್ಬ ರೋಗಿಗೆ, ಒಬ್ಬ ದಾದಿಯ ಹೆಚ್ಚುಕಡಿಮೆ ಪೂರ್ತಿ ಗಮನ ಬೇಡುವ ಕೆಲಸ. ಇದರ ಮೇಲೆ ದಿನವೂ ಡ್ರೆಸಿಂಗ್, ನೋವಿನ ಮದ್ದು, ಚರ್ಮ ಕಸಿ, ವಾರಗಟ್ಟಲೆ.

ಈಗ 10 ಸಾವಿರ ಜನ ಅಂದುಕೊಳ್ಳಿ. ಅಣುಬಾಂಬಿನ ಅಳತೆಯಲ್ಲಿ ಅದು ಸಣ್ಣ ಸಂಖ್ಯೆ. ಮೊದಲ ದಿನಕ್ಕೇ 96 ಸಾವಿರ ಲೀಟರ್, 1 ಲಕ್ಷ 92 ಸಾವಿರ ಬಾಟಲಿ, ಸುಮಾರು 96 ಟನ್. ಹತ್ತು ಲಾರಿ ತುಂಬ ಡ್ರಿಪ್ ಎಂಟು ಗಂಟೆಯೊಳಗೆ ಅರ್ಧದಷ್ಟಾದರೂ ಬಂದು, ಸೂಜಿ ಚುಚ್ಚಬಲ್ಲ ಕೈಗಳಿಗೆ ಸೇರಬೇಕು. ಹಾಸನ, ಚಿಕ್ಕಮಗಳೂರು, ಮೈಸೂರು, ಮಂಗಳೂರು ಎಲ್ಲ ಕೂಡಿದರೂ ಸುಟ್ಟಗಾಯದ ಹಾಸಿಗೆಗಳು ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಇದು ಯಾವ ಆಸ್ಪತ್ರೆಯ ತಪ್ಪೂ ಅಲ್ಲ. ಜಗತ್ತಿನ ಯಾವ ನಗರವೂ ಇಷ್ಟು ಹಾಸಿಗೆ ಇಟ್ಟುಕೊಂಡಿಲ್ಲ. ಹಳೆಯ ಯುದ್ಧದಲ್ಲೂ ಸುಟ್ಟವರು ಸತ್ತಿದ್ದಾರೆ. ಇಲ್ಲಿ ವ್ಯತ್ಯಾಸವೇನೆಂದರೆ, ಉಳಿಸಬಹುದಾದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಒಂದೇ ಬೆಳಿಗ್ಗೆ ಬಂದು ಸಾಲು ನಿಲ್ಲುತ್ತಾರೆ, ಉಳಿಸುವವರು ಅದೇ ಸಾಲಿನಲ್ಲಿ ಮಲಗಿರುತ್ತಾರೆ.

ಮೈಮೇಲೆ ಗಾಯವೇ ಇಲ್ಲದೆ ಎದ್ದು ನಡೆದವರದು ಇನ್ನೊಂದು ಕಥೆ. ವಿಕಿರಣದ ಕಾಯಿಲೆ ಮೋಸದ ಕಾಯಿಲೆ. ಮೊದಲು ವಾಂತಿ. ಎಷ್ಟು ಬೇಗ ಬಂತು ಎಂಬುದರ ಮೇಲೆ ಎಷ್ಟು ವಿಕಿರಣ ತಗುಲಿದೆ ಎಂದು ಅಂದಾಜಿಸುತ್ತಾರೆ: ಒಂದೆರಡು ಗಂಟೆಯಲ್ಲಿ ಬಂದರೆ 2ರಿಂದ 4 ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ), ಒಂದು ಗಂಟೆಯೊಳಗೆ ಬಂದರೆ ಅದಕ್ಕೂ ಹೆಚ್ಚು, ಹತ್ತು ನಿಮಿಷದಲ್ಲೇ ಬಂದರೆ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು. ಆಮೇಲೆ ಕೆಲವು ದಿನ, ಕೆಲವೊಮ್ಮೆ ಎರಡು ವಾರ, ಮನುಷ್ಯ ಚೇತರಿಸಿಕೊಂಡಂತೆ ಕಾಣುತ್ತಾನೆ. ಊಟ ಮಾಡುತ್ತಾನೆ, ಬಂಧುಗಳನ್ನು ಹುಡುಕಲು ಹೊರಡುತ್ತಾನೆ. ಒಳಗೆ ಮೂಳೆಮಜ್ಜೆ ಹೊಸ ರಕ್ತಕಣ ಮಾಡುವುದನ್ನು ನಿಲ್ಲಿಸಿರುತ್ತದೆ. ಇದ್ದ ಕಣಗಳು ಮುಗಿಯುವವರೆಗೆ ಮಾತ್ರ ಆ ಚೇತರಿಕೆ. ಎರಡು ಮೂರನೇ ವಾರದಲ್ಲಿ ಬಾಚಣಿಗೆಗೆ ಕೂದಲು ಗೊಂಚಲಾಗಿ ಬರುತ್ತದೆ, ಚರ್ಮದಡಿ ನೇರಳೆ ಚುಕ್ಕೆ ಏಳುತ್ತವೆ, ವಸಡಿನಲ್ಲಿ ರಕ್ತ, ಗಂಟಲು ಹುಣ್ಣು, ಜ್ವರ. ಚಿಕಿತ್ಸೆ ಇಲ್ಲದಿದ್ದರೆ ಸುಮಾರು 4 ಗ್ರೇ ತಗುಲಿದವರಲ್ಲಿ ಅರ್ಧ ಜನ ಎರಡು ತಿಂಗಳೊಳಗೆ ಸಾಯುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದ ಗಾಯವೂ ಇದ್ದರೆ ಮೊದಲ ಎರಡು ದಿನದೊಳಗೆ ಮಾಡಬೇಕು. ಆಮೇಲೆ ಗಾಯ ಮಾಯುವುದಿಲ್ಲ, ರಕ್ತ ಕಟ್ಟುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು. 1945ರ ಆಗಸ್ಟ್‌ನಲ್ಲಿ ಅಲ್ಲಿನ ವೈದ್ಯರಿಗೆ ಇದು ಯಾವ ಕಾಯಿಲೆ ಎಂದೇ ಹೊಳೆಯಲಿಲ್ಲ. ರಕ್ತಭೇದಿ ಕಂಡು ಸೋಂಕಿನ ಆಮಶಂಕೆ ಎಂದುಕೊಂಡವರಿದ್ದರು.

ಇಲ್ಲೇ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಭಾಷಣಗಳಲ್ಲಿ "ಹಿರೋಶಿಮಾದಲ್ಲಿ ಇವತ್ತಿಗೂ ಒಂದು ಹುಲ್ಲುಕಡ್ಡಿ ಬೆಳೆಯುವುದಿಲ್ಲ" ಎನ್ನುತ್ತಾರೆ. ಅದು ಸುಳ್ಳು. ಮೂರನೇ ದಿನ ಆಗಸ್ಟ್ 9ಕ್ಕೆ ಒಂದು ಮಾರ್ಗದಲ್ಲಿ ಟ್ರಾಮ್ ಓಡಿತು. ಸುಟ್ಟ ನೆಲದಲ್ಲಿ ಕಣಗಿಲೆ ಹೂ ಬಿಟ್ಟಿತು, ಈಗ ಅದೇ ಆ ನಗರದ ಹೂ. ಇವತ್ತು ಅಲ್ಲಿ ಸುಮಾರು 12 ಲಕ್ಷ ಜನ ಬದುಕುತ್ತಿದ್ದಾರೆ. ಬಾಂಬ್ ಎತ್ತರದಲ್ಲಿ ಸಿಡಿದದ್ದರಿಂದ ನೆಲದ ಮಣ್ಣು ಬೆಂಕಿಯುಂಡೆಯೊಳಗೆ ಹೆಚ್ಚು ಸೇರಲಿಲ್ಲ, ಹಾಗಾಗಿ ವಿಕಿರಣದ ಬೂದಿ ಅಲ್ಲಿ ತುಲನೆಗೆ ಕಡಿಮೆ ಬಿತ್ತು.

ನೆಲಕ್ಕೆ ತಾಗಿ ಸಿಡಿದರೆ ಆಗುವುದೇ ಬೇರೆ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷಿಸಿತು. 5-6 ಮೆಗಾಟನ್ (ಒಂದು ಮೆಗಾಟನ್ ಅಂದರೆ 10 ಲಕ್ಷ ಟನ್ ಟಿಎನ್‌ಟಿಯಷ್ಟು) ಆದೀತು ಅಂದುಕೊಂಡದ್ದು 15 ಆಯಿತು; ಬಾಂಬಿನ ಇಂಧನದಲ್ಲಿದ್ದ ಲಿಥಿಯಂ-7 ಸುಮ್ಮನಿರುತ್ತದೆ ಎಂದು ಲೆಕ್ಕ ಹಾಕಿದ್ದರು, ಅದು ಸುಮ್ಮನಿರಲಿಲ್ಲ. 150 ಕಿ.ಮೀ.ಗೂ ಆಚೆ, ಹೆಚ್ಚುಕಡಿಮೆ ಬೆಂಗಳೂರಿನಿಂದ ಹಾಸನದಷ್ಟು ದೂರ, ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಪುಡಿ ಉದುರಿತು. ಮಕ್ಕಳು ಅದರಲ್ಲಿ ಆಡಿದರು. ಅವರನ್ನು ಕರೆದೊಯ್ಯಲು ಹಡಗು ಬರುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಆಗ ಹತ್ತು ವರ್ಷದೊಳಗಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಮುಂದೆ ಥೈರಾಯ್ಡ್ ಗಂಟು ಬಂತು. ಅದೇ ಬೂದಿ ಬಿದ್ದ ಜಪಾನಿ ಮೀನುದೋಣಿಯ 23 ಜನರಲ್ಲಿ ಒಬ್ಬರು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಇದು ಯುದ್ಧವೇ ಅಲ್ಲ, ಬರೀ ಪರೀಕ್ಷೆ. ಕತ್ತಿ ಕೋವಿಗಳನ್ನು ಪರೀಕ್ಷಿಸಲು ಯಾರೂ ದ್ವೀಪ ಖಾಲಿ ಮಾಡಿಸಬೇಕಾಗಿರಲಿಲ್ಲ. ಜಗತ್ತಿನಲ್ಲಿ ಇದುವರೆಗೆ 2,000ಕ್ಕೂ ಹೆಚ್ಚು ಅಣುಪರೀಕ್ಷೆ ನಡೆದಿವೆ. ಅವುಗಳಲ್ಲಿ 456 ಕಜಕಸ್ತಾನದ ಸೆಮಿಪಲಾಟಿನ್‌ಸ್ಕ್ ಒಂದರಲ್ಲೇ.

ಮಲೆನಾಡಿಗೆ ಇದು ಹೇಗೆ ತಾಕೀತು? ಗಾಳಿ ಎತ್ತ ಬೀಸುತ್ತಿದೆ ಎಂದು ಅಂಗಳದಲ್ಲಿ ನಿಂತು ನೋಡಿದರೆ ತಿಳಿಯದು. ಮುಂಗಾರಿನಲ್ಲಿ ಕೆಳಗಿನ ಗಾಳಿ ಪಡುವಣದಿಂದ ಬಂದರೂ, ದಕ್ಷಿಣ ಭಾರತದ ನೆತ್ತಿಯ ಮೇಲೆ ಹತ್ತು ಹದಿನೈದು ಕಿ.ಮೀ. ಎತ್ತರದಲ್ಲಿ ಅದಕ್ಕೆ ತದ್ವಿರುದ್ಧವಾಗಿ ಮೂಡಣದಿಂದ ಜೋರು ಗಾಳಿ ಹರಿಯುತ್ತದೆ. ದೊಡ್ಡ ಸ್ಫೋಟದ ಅಣಬೆ ಮೋಡ ಏರುವುದು ಅಷ್ಟೆತ್ತರಕ್ಕೆ. ಘಟ್ಟದ ಮಳೆ ಮೋಡದಲ್ಲಿದ್ದದ್ದನ್ನು ತೊಳೆದು ಇಳಿಸುತ್ತದೆ.

ಹಾಗೆ ಬೂದಿ ಬಿದ್ದರೆ ಮೊದಲ ಎರಡು ದಿನ ಮನೆಯೊಳಗಿರುವುದೇ ಮುಖ್ಯ. ಹೊತ್ತು ಏಳು ಪಟ್ಟಾದಾಗ ಬೂದಿಯ ವಿಕಿರಣ ಹತ್ತನೇ ಒಂದಕ್ಕೆ ಇಳಿಯುತ್ತದೆ: ಮೊದಲ ಗಂಟೆಯಲ್ಲಿ 100 ಇದ್ದರೆ 7 ಗಂಟೆಗೆ 10, ಎರಡು ದಿನಕ್ಕೆ 1, ಎರಡು ವಾರಕ್ಕೆ ಅದರ ಹತ್ತನೇ ಪಾಲು. ಗಟ್ಟಿ ಮಣ್ಣು 9 ಸೆಂ.ಮೀ. ದಪ್ಪವಿದ್ದರೆ ವಿಕಿರಣ ಅರ್ಧವಾಗುತ್ತದೆ, ಕಾಂಕ್ರೀಟಾದರೆ 6 ಸೆಂ.ಮೀ. ಸಾಕು. ಹಳೆ ಮನೆಯ 45 ಸೆಂ.ಮೀ. ಮಣ್ಣುಗೋಡೆ 32ರಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ಆದರೆ ಬೂದಿ ಬೀಳುವುದು ಮಾಡಿನ ಮೇಲೆ, ಹೆಂಚು ತಡೆಯುವುದು ಬಹಳ ಕಡಿಮೆ. ತೊಟ್ಟಿಮನೆಯಾದರೆ ಇನ್ನೂ ಕಷ್ಟ, ನಡುಮನೆಯ ತೆರೆದ ತೊಟ್ಟಿಯಲ್ಲೇ ಬೂದಿ ಸೇರುತ್ತದೆ. ಎರಡು ಅಂತಸ್ತಿನ ಆರ್‌ಸಿಸಿ ಮನೆಯ ಕೆಳಗಿನ ಒಳಕೋಣೆ ಇವೆಲ್ಲಕ್ಕಿಂತ ಮೇಲು, 12 ಸೆಂ.ಮೀ.ನ ಎರಡು ತಾರಸಿ ಸೇರಿದರೆ 16ರಲ್ಲಿ ಒಂದು ಪಾಲಷ್ಟೇ ಇಳಿಯುತ್ತದೆ. ಹೊರಗಿಂದ ಬಂದವರು ಬಟ್ಟೆ ಬಾಗಿಲಲ್ಲೇ ಕಳಚಿಟ್ಟರೆ ಮೈಗಂಟಿದ ಧೂಳಿನ ಬಹುಪಾಲು ಅಲ್ಲೇ ಉಳಿಯುತ್ತದೆ. ಮಾಡಿನ ನೀರು ಬಾವಿಗೋ ತೊಟ್ಟಿಗೋ ಹೋಗದಂತೆ ಕೊಳವೆ ಬೇರೆ ಕಡೆ ತಿರುಗಿಸಬೇಕು.

ಆಮೇಲೆ ಹಾಲು. ಬೂದಿಯಲ್ಲಿರುವ ವಿಕಿರಣದ ಅಯೋಡಿನ್-131 ಮೇವಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಬಂದು, ಮಕ್ಕಳ ಥೈರಾಯ್ಡಿನಲ್ಲಿ ಕೂರುತ್ತದೆ. 1986ರ ಚೆರ್ನೋಬಿಲ್ ಅಪಘಾತದ ನಂತರ ಆಗ ಮಕ್ಕಳಾಗಿದ್ದ 6,000ಕ್ಕೂ ಹೆಚ್ಚು ಜನರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಂಡುಬಂತು. ಅದರಲ್ಲಿ ದೊಡ್ಡ ಪಾಲಿಗೆ ಕಾರಣ ಈ ಹಾಲು. ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ, ಬಣವೆಯ ಮೇಲ್ಪದರ ತೆಗೆದುಹಾಕಿ ಒಳಗಿನ ಹುಲ್ಲು ಹಾಕಬೇಕು. ಅಯೋಡಿನ್ 8 ದಿನಕ್ಕೆ ಅರ್ಧವಾಗುವುದರಿಂದ, ಆ ಹಾಲನ್ನು ಪುಡಿಯೋ ತುಪ್ಪವೋ ಮಾಡಿ ಮೂರು ತಿಂಗಳು ಇಟ್ಟರೆ ಅದರ ಕಾಟ ಮುಗಿಯುತ್ತದೆ. ಬೂದಿಯಲ್ಲಿರುವ ಇನ್ನೊಂದು ವಿಕಿರಣ ವಸ್ತು ಸೀಸಿಯಂ-137 ಹಾಗಲ್ಲ, ಅದು ಅರ್ಧವಾಗಲು 30 ವರ್ಷ ಬೇಕು. ಗದ್ದೆಯಲ್ಲಿ ಉತ್ತು ಆಳಕ್ಕೆ ಹಾಕಬಹುದು. ಕಾಡಿನಲ್ಲಿ ಉಳುವವರಿಲ್ಲ, ತರಗೆಲೆಯಿಂದ ಬೇರಿಗೆ, ಬೇರಿನಿಂದ ಎಲೆಗೆ ಸುತ್ತುತ್ತಲೇ ಇರುತ್ತದೆ. ಜರ್ಮನಿಯ ಕಾಡುಗಳಲ್ಲಿ ದಶಕಗಳಾದ ಮೇಲೂ ಅಣಬೆ, ಕಾಡುಹಂದಿಗಳಲ್ಲಿ ಅದು ಸಿಗುತ್ತಿದೆ. ಮಳೆಗಾಲದ ಅಣಬೆ, ಕಳಲೆ, ಕೆಸುವಿನ ಮೇಲೆ ಬದುಕು ಕಟ್ಟಿಕೊಂಡ ಸೀಮೆ ಇದನ್ನು ಯೋಚಿಸಬೇಕು.

ಹತ್ತಾರು ನಗರಗಳು ಒಟ್ಟಿಗೆ ಸುಟ್ಟರೆ ಮೇಲೇರುವ ಮಸಿ ಬಿಸಿಲನ್ನೇ ತಡೆದು ಜಗತ್ತಿನ ಮಳೆ, ಬೆಳೆ ಕೆಡಿಸುತ್ತದೆ ಎಂಬ ಲೆಕ್ಕಾಚಾರವೂ ಇದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತ-ಪಾಕಿಸ್ತಾನ ಅಣುಯುದ್ಧವೊಂದರಲ್ಲಿ ಹಸಿವಿನಿಂದಲೇ 200 ಕೋಟಿಗೂ ಹೆಚ್ಚು ಜನ ಸಾಯಬಹುದೆಂದು ಅಂದಾಜಿಸಿತು. ಮಾದರಿಯ ಅಂಕಿಗಳು ಹೆಚ್ಚುಕಡಿಮೆ ಆದಾವು. ಆದರೆ ಮಾರ್ಚ್‌ನ ಒಂದು ಹೂಮಳೆ ತಪ್ಪಿದರೆ ಕಾಫಿ ಗಿಡ ಏನಾಗುತ್ತದೆಂದು ಕಂಡವರಿಗೆ ಅದು ಯಾವ ದಿಕ್ಕಿನ ಮಾತು ಎಂಬುದು ತಿಳಿಯುತ್ತದೆ.

ಕೊನೆಯದಾಗಿ, ಬದುಕಿ ಉಳಿದವರ ಮೇಲೆ ಬೀಳುತ್ತಲೇ ಇರುವ ಖರ್ಚು. ಹಿರೋಶಿಮಾ, ನಾಗಸಾಕಿ ಎರಡೂ ಊರುಗಳ ಸುಮಾರು 94 ಸಾವಿರ ಬದುಕುಳಿದವರನ್ನು, ಹೋಲಿಕೆಗೆ ಆಗ ಊರಲ್ಲಿರದ ಸುಮಾರು 27 ಸಾವಿರ ಜನರನ್ನು ದಶಕಗಳಿಂದ ಗಮನಿಸುತ್ತ ಬಂದಿದ್ದಾರೆ. ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷದಲ್ಲೇ ತಲೆಯೆತ್ತಿ ಆರರಿಂದ ಎಂಟನೇ ವರ್ಷಕ್ಕೆ ತುದಿ ಮುಟ್ಟಿತು. ಗಡ್ಡೆಯಾಗುವ ಕ್ಯಾನ್ಸರ್‌ಗಳು ಹತ್ತು ವರ್ಷದ ನಂತರ ಶುರುವಾಗಿ ಅವರ ಆಯುಸ್ಸಿನುದ್ದಕ್ಕೂ ಮುಂದುವರಿದವು. ಗರ್ಭ ಎಂಟರಿಂದ ಹದಿನೈದು ವಾರದಲ್ಲಿದ್ದಾಗ ವಿಕಿರಣ ತಗುಲಿದ ಕೆಲವು ಮಕ್ಕಳು ಸಣ್ಣ ತಲೆ, ಬೆಳೆಯದ ಬುದ್ಧಿಯೊಂದಿಗೆ ಹುಟ್ಟಿದರು. ಆಮೇಲೆ ಬಸಿರಾದವರ ಮಕ್ಕಳಲ್ಲಿ ವಂಶಪಾರಂಪರ್ಯದ ತೊಂದರೆ ಇದುವರೆಗೆ ಕಂಡುಬಂದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕಂಡುಬರುತ್ತದೆಂಬ ಭಯದಿಂದಲೇ ಅಲ್ಲಿ ಎಷ್ಟೋ ಮನೆಗಳು ಹೆಣ್ಣು ಕೊಡಲಿಲ್ಲ, ತರಲಿಲ್ಲ. ಬಾಂಬ್ ಬಿದ್ದ ಊರಿನವರೆಂಬುದನ್ನೇ ಮುಚ್ಚಿಟ್ಟು ಬದುಕಿದವರು ಬಹಳ ಜನ.

1957ರಿಂದ ಜಪಾನ್ ಸರ್ಕಾರ ಕಾನೂನಿನಂತೆ ಸಂತ್ರಸ್ತರಿಗೆ ಆರೋಗ್ಯ ಕೈಪುಸ್ತಕ ಕೊಡುತ್ತದೆ, ಅದಿದ್ದರೆ ಚಿಕಿತ್ಸೆ ಉಚಿತ. ಆ ಹೊತ್ತಿನಲ್ಲಿ ನಗರದೊಳಗೆ ಇದ್ದವರು, ಎರಡು ವಾರದೊಳಗೆ ನಡುಪ್ರದೇಶಕ್ಕೆ ಬಂದವರು, ಗಾಯಾಳುಗಳ ಆರೈಕೆ ಮಾಡಿದವರು ಅಥವಾ ಹೆಣ ಸಾಗಿಸಿದವರು, ಆಗ ಹೊಟ್ಟೆಯಲ್ಲಿದ್ದವರು ಎಂದು ನಾಲ್ಕು ಬಗೆ. ಎಲ್ಲಿದ್ದಿರಿ ಎಂಬುದಕ್ಕೆ ಪುರಾವೆ ಬೇಕು, ಸಾಕ್ಷಿ ಹೇಳಬೇಕಾದವರು ಸತ್ತಿರುತ್ತಾರೆ. 2025ರ ಮಾರ್ಚ್ ಹೊತ್ತಿಗೆ ಕೈಪುಸ್ತಕವಿರುವವರ ಸಂಖ್ಯೆ ಮೊದಲ ಬಾರಿಗೆ 1 ಲಕ್ಷಕ್ಕಿಂತ ಕೆಳಗಿಳಿಯಿತು, ಅವರ ಸರಾಸರಿ ವಯಸ್ಸು 86 ದಾಟಿದೆ. ಬಾಂಬ್ ಬಿದ್ದ ಅರ್ಧ ಗಂಟೆಯಲ್ಲಿ ಹಿರೋಶಿಮಾದ ವಾಯವ್ಯಕ್ಕೆ ಸುರಿದ, ಮಸಿ ಮತ್ತು ವಿಕಿರಣದ ಬೂದಿ ಬೆರೆತ ಕಪ್ಪು ಮಳೆಯಲ್ಲಿ ನೆನೆದ 84 ಜನ, ಸರ್ಕಾರ ಗುರುತಿಸಿದ ಗೆರೆಯ ಹೊರಗಿದ್ದರೆಂದು ಕೈಪುಸ್ತಕ ಸಿಗದೆ ನ್ಯಾಯಾಲಯಕ್ಕೆ ಹೋಗಿದ್ದರು. 2021ರ ಜುಲೈನಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ನಾಗಸಾಕಿಯಲ್ಲಿ ಅಂಥದೇ ದಾವೆ ಹೂಡಿದ್ದ 44 ಜನರಲ್ಲಿ 15 ಜನರನ್ನು ಮಾತ್ರ ಅಲ್ಲಿನ ಜಿಲ್ಲಾ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಸಂತ್ರಸ್ತರೆಂದು ಒಪ್ಪಿತು.